ಗಾಜಿನ ಪೆಟ್ಟಿಗೆಯ ಅಂತಿಯೋಕ

ಅಲೆಕ್ಸಾಂಡರನ ಹೆಸರು ಹೊತ್ತ ಬೆಳ್ಳಿ ನಾಣ್ಯದ ಮೇಲಿರುವ ಮುಖ ಅಲೆಕ್ಸಾಂಡರನದಲ್ಲ. ಸಿಂಹದ ತೊಗಲನ್ನು ತಲೆಗೆ ಹೊದ್ದ ಆ ಮುಖ ಹೆರಾಕ್ಲಿಸ್ ಎಂಬ ಗ್ರೀಕ್ ವೀರನದು. ಇದೇನೂ ಗುಟ್ಟಲ್ಲ, ನಾಣ್ಯಶಾಸ್ತ್ರದ ಯಾವ ಪುಸ್ತಕ ತೆರೆದರೂ ಸಿಗುತ್ತದೆ. ಆದರೆ ಬೆಳಗೆದ್ದು ಹಲ್ಲುಜ್ಜುವ ಮೊದಲೇ ಫೋನಿನಲ್ಲಿ ಒಂದಿಷ್ಟು ಇತಿಹಾಸ ಹಂಚುವ ನಮಗೆ ಪುಸ್ತಕ ತೆರೆಯುವಷ್ಟು ಪುರುಸೊತ್ತೆಲ್ಲಿ? ನಾನೂ ಅದೇ ಜಾತಿಯವನೇ. ಅಂಕಣವೊಂದರಲ್ಲಿ ಸಾಮ್ರಾಜ್ಯಶಾಹಿಯ ಮೇಲೆ ಕೆಂಡ ಕಾರುತ್ತ, ಈ ನಾಣ್ಯದ ಚಿತ್ರ ಹಾಕಿಸಿ, ಕೆಳಗೆ "ವಿಶ್ವವನ್ನು ನುಂಗಲು ಹೊರಟವನ ಮುಖ" ಎಂದು ಬರೆದಿದ್ದೆ. ಮೂರನೇ ದಿನ ಆ ಪುಟವನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡು ಒಬ್ಬರು ಮನೆ ಬಾಗಿಲಿಗೆ ಬಂದು ನಿಂತರು.

"ನಿಮ್ಮ ಲೇಖನ ಓದ್ದೆ. ಕೋಪ ಚೆನ್ನಾಗಿದೆ. ಮುಖ ಮಾತ್ರ ಬೇರೆಯವರ್ದು ಕಣ್ರೀ."

ಅವರೇ ಇಂದುಧರ, ಅರಸೀಕೆರೆಯ ಕೊಬ್ಬರಿ ಮಂಡಿಯವರು. ಎಪ್ಪತ್ತೊಂದು ವರ್ಷ. ಮೂಟೆ ಹೊತ್ತು ಬೆಳೆದ ಎಡ ಭುಜ ಈಗಲೂ ಒಂದು ಬೆರಳು ತಗ್ಗು. ಆದ್ದರಿಂದ ಅವರು ನಡೆಯುವಾಗ ರಸ್ತೆಯೇ ಒಂದು ಕಡೆಗೆ ವಾಲಿದೆಯೇನೋ ಎಂದು ನೋಡುವವರಿಗೆ ಅನುಮಾನ ಬರುತ್ತದೆ. ಮೇ ತಿಂಗಳ ಉರಿಯಲ್ಲೂ ಮೈಮೇಲೆ ಕಂದು ಉಣ್ಣೆಯ ಕೋಟು. ಅದರ ಬಲ ಜೇಬಿನಲ್ಲಿ ಕೊಬ್ಬರಿಯ ಮಾದರಿ, ಎಡ ಜೇಬಿನಲ್ಲಿ ಹತ್ತಿಯಲ್ಲಿ ಸುತ್ತಿದ ನಾಣ್ಯ. ನಲವತ್ತು ವರ್ಷಗಳಲ್ಲಿ ಈ ಎರಡು ಜೇಬುಗಳು ಒಮ್ಮೆಯೂ ಅದಲುಬದಲಾಗಿಲ್ಲವೆಂದು ಅವರ ಹೆಮ್ಮೆ. ಕೊರಳಲ್ಲಿ ಎರಡು ದಾರ: ಒಂದರಲ್ಲಿ ಲಿಂಗದ ಕರಡಿಗೆ, ಇನ್ನೊಂದರಲ್ಲಿ ಭೂತಗನ್ನಡಿ. ಮಂಡಿಯಲ್ಲಿ ಕೊಬ್ಬರಿ ಆರಿಸುವ ಲಕ್ಕಮ್ಮ ಇದನ್ನು ಸುಮ್ಮನೆ ಬಿಟ್ಟವಳಲ್ಲ. "ಯಜಮಾನ್ರೇ, ಪೂಜೆ ಟೇಮ್ನಾಗೆ ಯಾವ ದಾರ ಕೈಗೆ ಬತ್ತದೋ ನೋಡ್ಕಂಡು ಹಿಡ್ಕಳ್ರಪ್ಪ" ಎಂದು ಆಕೆ ಎಲ್ಲರೆದುರೇ ಅನ್ನುತ್ತಾಳೆ. ಅವರು ಎಲ್ಲರಿಗಿಂತ ಜೋರಾಗಿ ನಗುತ್ತಾರೆ.

ಅವರದೇ ಸಂಗ್ರಹ ಎಂಬುದು ಬಲು ಚಿಕ್ಕದು. ಹತ್ತೊಂಬತ್ತು ನಾಣ್ಯಗಳು, ಎಲ್ಲವೂ ರಸೀದಿ ಸಮೇತ ಕೊಂಡವು. ನೆಲದಲ್ಲಿ ಸಿಕ್ಕಿದ್ದು ಎಂದು ಯಾರಾದರೂ ಮುಷ್ಟಿ ಬಿಚ್ಚಿದರೆ ಅವರನ್ನು ಕೂರಿಸಿ, ಕಾಫಿ ಕುಡಿಸಿ, ತಾಲ್ಲೂಕು ಕಚೇರಿಯ ದಾರಿ ತೋರಿಸುವುದು ಅವರ ಪದ್ಧತಿ. ಅವರ ನಿಜವಾದ ವ್ಯಸನ ಇಟ್ಟುಕೊಳ್ಳುವುದರಲ್ಲಿಲ್ಲ, ಗುರುತಿಸುವುದರಲ್ಲಿದೆ. ಅಲೆಕ್ಸಾಂಡರ್ ಸತ್ತ ಮೇಲೆ ಅವನ ಸೇನಾಪತಿಗಳು ಹರಿದು ಹಂಚಿಕೊಂಡ ರಾಜ್ಯಗಳ ನಾಣ್ಯಗಳು, ಈಜಿಪ್ಟಿನಿಂದ ಹಿಡಿದು ನಮ್ಮ ಗಾಂಧಾರದವರೆಗಿನವು, ಅಂಚೆಯಲ್ಲಿ, ಫೋಟೋದಲ್ಲಿ, ಕೆಲವೊಮ್ಮೆ ಖುದ್ದು ಒಡೆಯರ ಕೈಯಲ್ಲಿ ಅರಸೀಕೆರೆಯ ಮಂಡಿಗೆ ಬಂದಿಳಿಯುತ್ತವೆ. ಯಾರ ಕಾಲದ್ದು, ಎಲ್ಲಿ ಅಚ್ಚಾದದ್ದು, ಅಸಲೋ ನಕಲೋ ಎಂದು ಹೇಳಿ ಕಳಿಸುತ್ತಾರೆ. ಅದಕ್ಕೆ ಒಂದು ಕಾಸೂ ಮುಟ್ಟುವುದಿಲ್ಲ.

ಗ್ರೀಕ್ ಅಕ್ಷರ ಕಲಿತ ಬಗೆಯನ್ನು ಕೇಳಿದರೆ ವಿಶ್ವವಿದ್ಯಾಲಯಗಳು ನಾಚಬೇಕು. ಮಗಳು ಪ್ರತಿಮಾಳ ಗಣಿತದ ಪುಸ್ತಕದಲ್ಲಿ ಪೈ, ಸಿಗ್ಮಾ, ಥೀಟಾ, ಲ್ಯಾಂಬ್ಡಾ ಎಂದು ಮಕ್ಕಳನ್ನು ಹೆದರಿಸುವ ಚಿಹ್ನೆಗಳಿದ್ದವಲ್ಲ, ಅವನ್ನೇ ಒಂದು ರಟ್ಟಿನ ಮೇಲೆ ಬರೆದುಕೊಂಡು ಗಲ್ಲಾಪೆಟ್ಟಿಗೆಯ ಪಕ್ಕ ತೂಗುಹಾಕಿದರು. ತಾವು ಹೈಸ್ಕೂಲಿನಲ್ಲಿ ಎರಡು ಬಾರಿ ಬಿದ್ದುಹೋದ ಅದೇ ಗಣಿತದ ಅಕ್ಷರಗಳು ಒಂದು ದಿನ ಭೂತಗನ್ನಡಿಯ ಕೆಳಗೆ ಸಾಲುಗಟ್ಟಿ ನಿಂತು "ಬಸಿಲೆಯೋಸ್" ಎಂದು ಉಲಿದಾಗ ಮೈ ಜುಮ್ಮೆಂದಿತಂತೆ. "ರಾಜನದು ಅಂತ ಅರ್ಥ ಕಣ್ರೀ. ರಾಜ ಇಂಥವನದು. ನಮ್ಮನೆ ಸ್ಟೀಲ್ ಪಾತ್ರೆ ಮೇಲೆ ಹೆಸ್ರು ಕೊರೆಸಲ್ವ, ಹಂಗೇ. ಊಟದ ಮನೇಲಿ ಪಾತ್ರೆ ಕಳ್ದೋಗ್ಬಾರ್ದು, ಲೋಕದಲ್ಲಿ ರಾಜ ಕಳ್ದೋಗ್ಬಾರ್ದು." ಪದವಿಯ ಬಾಲವಿಲ್ಲದೆ ಓದಿಕೊಂಡ ನನ್ನಂಥವನಿಗೆ ಈ ವ್ಯಾಖ್ಯಾನದ ಮುಂದೆ ಯಾವ ಪಂಡಿತರದೂ ರುಚಿಸಿಲ್ಲ.

ಹಳೇಬೀಡಿನಲ್ಲಿ ಒಮ್ಮೆ, ಗುಡಿಯ ಮುಂದೆ ಪ್ರವಾಸಿಗಳಿಗೆ ಕಥೆ ಹೇಳುವ ಹನುಮಯ್ಯ ಇಂದುಧರರ ಕೈಯಲ್ಲಿದ್ದ ಅಲೆಕ್ಸಾಂಡರನ ನಾಣ್ಯ ಇಣುಕಿ ನೋಡಿ ಕುಣಿದುಬಿಟ್ಟ.

"ಅಯ್ಯೋ ಸ್ವಾಮೀ, ಇದು ನಮ್ಮ ಸಳ! ಸಿಂಹ ನೋಡಿ, ಸಿಂಹ!"

"ಲೇ ಹನುಮಯ್ಯ, ನಿಮ್ಮ ಸಳ ಎಂಟುನೂರು ವರ್ಷದಿಂದ ಹೊಡೀತಾನೇ ನಿಂತವ್ನೆ. ಇವನು ಹೊಡೆದು, ಸುಲಿದು, ತಲೆಗೆ ಹಾಕ್ಕಂಡು ಕೂತವ್ನೆ. ಕೆಲಸ ಮುಗಿಸಿದೋನು ಕಣಯ್ಯ."

"ಹಂಗಾದ್ರೆ ನಮ್ಮೋರ್ದು ಅಲ್ವ?"

"ನಮ್ಮೋರ್ದಲ್ದೇ ಇದ್ರೂ ನೋಡ್ಬೋದಪ್ಪ. ನೋಡೋಕೆ ಯಾರ ಅಪ್ಪಣೇನೂ ಬೇಡ."

ಗುರುತಿಸುವಾಗ ಅವರ ಬಾಯಿಂದ ಬರುವುದು ಒಂದೇ ಮಾತು: "ಇರಬೋದು." ತೂಕ ಹಾಕಿ, ಅಂಚು ತಿರುಗಿಸಿ, ಅಕ್ಷರ ಓದಿ, ನಾಲ್ಕು ಪುಸ್ತಕ ತಿರುವಿ, ಎಲ್ಲವೂ ಕೂಡಿಬಂದ ಮೇಲೂ "ಗ್ರೀಕ್ ರಾಜ ಮಿನಾಂಡರನದು ಇರಬೋದು" ಎಂದೇ ಬರೆಯುತ್ತಾರೆ. ಮಂಡಿಯವರು "ಇರಬೋದು ಇಂದುಧರ" ಎಂದೇ ಹೆಸರಿಟ್ಟಿದ್ದಾರೆ. ಇಂಥ ಮನುಷ್ಯ ಜೀವಮಾನದಲ್ಲಿ ಒಂದೇ ಒಂದು ಸಲ "ಇದು ಅಸಲಿ, ಅನುಮಾನವೇ ಬೇಡ" ಎಂದು ಹೇಳಿದ್ದರು. ನಾನು ಅವರ ಬಗ್ಗೆ ಬರೆಯುತ್ತಿರುವುದು ಆ ಒಂದು ಸಲಕ್ಕಾಗಿ.

ಬೇಲೂರಿನಲ್ಲಿ ಕುಮಾರಸ್ವಾಮಿ ಎಂಬ ಇತಿಹಾಸದ ಮೇಷ್ಟ್ರಿದ್ದರು. ಉತ್ತರ ದೇಶದ ಪ್ರವಾಸ ಹೋದಾಗ ಯಾರಿಂದಲೋ ಒಂದು ದೊಡ್ಡ ಬೆಳ್ಳಿ ನಾಣ್ಯ ತಂದು, ಹದಿನಾಲ್ಕು ವರ್ಷಗಳ ಹಿಂದೆ ಇಂದುಧರರ ಅಂಗೈಯಲ್ಲಿಟ್ಟರು. ಒಂದು ಮಗ್ಗುಲಲ್ಲಿ ಸಿರಿಯಾದ ರಾಜ ಮೂರನೇ ಆಂಟಿಯೋಕಸ್, ಅಂದರೆ ಅಶೋಕನ ಶಾಸನದಲ್ಲಿ ಬರುವ ಅಂತಿಯೋಕನ ಮೊಮ್ಮಗ, ಆನೆಗಳಿಗಾಗಿ ಹಿಂದೂಕುಶ್ ದಾಟಿ ಭಾರತದ ಬಾಗಿಲಿಗೆ ಬಂದಿದ್ದವನು. ಇನ್ನೊಂದು ಮಗ್ಗುಲಲ್ಲಿ ಬಾಣ ಹಿಡಿದು ಕೂತ ಅಪೊಲೊ ದೇವ. ಇಂದುಧರ ನೋಡಿದರು. ತುಂಬು ದುಂಡು. ಅಂಚಿನಲ್ಲಿ ಕೂದಲೆಳೆಯಷ್ಟೂ ಬಿರುಕಿಲ್ಲ. ಚಿತ್ರ ನಟ್ಟನಡುವೆ. ತೂಕವೂ ಸರಿ. "ಅಸಲಿ ಮೇಷ್ಟ್ರೇ, ಅನುಮಾನವೇ ಬೇಡ" ಎಂದರು. ಮರುವರ್ಷ ಮೇಷ್ಟ್ರು ತೀರಿಕೊಂಡಾಗ ಹೆಂಡತಿ ಸುಮಿತ್ರಮ್ಮ ಆ ನಾಣ್ಯವನ್ನು ಗಂಡ ಪಾಠ ಹೇಳಿದ ಶಾಲೆಗೆ ಅವರ ಹೆಸರಿನಲ್ಲಿ ಕೊಟ್ಟರು. ಗಾಜಿನ ಪೆಟ್ಟಿಗೆ ಬಂತು. ಒಳಗಿನ ಚೀಟಿಯನ್ನು ಇಂದುಧರರೇ ಮುತ್ತು ಪೋಣಿಸಿದಂತೆ ಬರೆದುಕೊಟ್ಟರು. ವರ್ಷಕ್ಕೊಂದು ತರಗತಿ ಅದರ ಮುಂದೆ ಸಾಲು ನಿಂತು ಗಾಜಿಗೆ ಮೂಗು ಒತ್ತಿತು. ಸುಮಿತ್ರಮ್ಮ ಪ್ರತಿ ವರ್ಷ ಗಂಡನ ತಿಥಿಯ ಮಾರನೆ ದಿನ ಹೋಗಿ ಸೆರಗಿನಿಂದ ಗಾಜು ಒರೆಸಿ ಬರುತ್ತಿದ್ದರು.

ಹೋದ ವರ್ಷ ಬೆಂಗಳೂರಿನ ಸಂಗ್ರಾಹಕರೊಬ್ಬರು ಗುರುತು ಹೇಳಿ ಎಂದು ಒಂದು ಫೋಟೋ ಕಳಿಸಿದರು. ಅದೇ ರಾಜ, ಅದೇ ಅಪೊಲೊ. ಅದರಲ್ಲಿ ವಿಶೇಷವಿಲ್ಲ, ಒಂದೇ ಅಚ್ಚಿನಿಂದ ಸಾವಿರ ನಾಣ್ಯ ಬಂದಿರಬಹುದು. ಆದರೆ ಬೇಲೂರಿನ ನಾಣ್ಯದಲ್ಲಿ ರಾಜನ ಕಿವಿಯಿಂದ ಗದ್ದದವರೆಗೆ ಎಳೆದಿದ್ದ ಸಣ್ಣ ಗೀರು ಈ ಫೋಟೋದಲ್ಲಿಯೂ ಇತ್ತು. ಅಪೊಲೊನ ಮೊಣಕಾಲಿನ ಮೇಲಿನ ಸಾಸಿವೆ ಗಾತ್ರದ ಗುಳಿ ಅಲ್ಲಿಯೂ ಇತ್ತು. ಗೀರು ಬೀಳುವುದು ನಾಣ್ಯ ಹುಟ್ಟಿದ ಮೇಲೆ, ಯಾರದೋ ಚೀಲದಲ್ಲಿ, ಯಾವುದೋ ಸಂತೆಯಲ್ಲಿ. ಎರಡು ನಾಣ್ಯಗಳಿಗೆ ಒಂದೇ ಜಾಗದಲ್ಲಿ ಒಂದೇ ಗಾಯ ಆಗುವುದಿಲ್ಲ. ಆಗಿದೆ ಎಂದರೆ ಎರಡನ್ನೂ ಗಾಯಗೊಂಡ ಒಂದು ಅಸಲಿಯಿಂದ ಪಡಿಯಚ್ಚು ತೆಗೆದು ಎರಕ ಹೊಯ್ದಿದ್ದಾರೆ ಎಂದೇ ಅರ್ಥ.

ಎಡವಿದ್ದು ಎಲ್ಲಿ ಎಂದು ಅವರೇ ನನಗೆ ಬಿಡಿಸಿ ಹೇಳಿದರು; ಹೇಳುವಾಗ ಕೋಟಿನ ಗುಂಡಿಯನ್ನು ತಿರುವುತ್ತ ತಿರುವುತ್ತ ಕಿತ್ತೇಬಿಟ್ಟರು. "ಮಂಡಿ ಕಣ್ಣು ಕಣ್ರೀ. ಬಿರುಕು ಬಿಟ್ಟ ಕೊಬ್ಬರಿ ಆ ರಾಶಿಗೆ, ದುಂಡಗಿರೋದು ಈ ರಾಶಿಗೆ. ನಲವತ್ತು ವರ್ಷ ಅದನ್ನೇ ಮಾಡಿದ ಕೈ. ನಾಣ್ಯದಲ್ಲಿ ಉಲ್ಟಾ. ಸುತ್ತಿಗೆ ಏಟಿಗೆ ಬೆಳ್ಳಿ ಹಿಗ್ಗುತ್ತೆ, ಅಂಚು ಸೀಳುತ್ತೆ, ಚಿತ್ರ ಪಕ್ಕಕ್ಕೆ ಸರಿಯುತ್ತೆ. ಬಿರುಕೇ ಅಲ್ಲಿ ಸಾಕ್ಷಿ. ಈ ಕಳ್ಳ ನನ್ಮಗ ಎರಕದ ಗೆರೆ ಕಾಣ್ಬಾರ್ದು ಅಂತ ಅಂಚಿಗೆ ಅರ ಹಾಕಿ ಉಜ್ಜವ್ನೆ. ನಾನು ಅದನ್ನೇ ನೋಡಿ, ಆಹಾ, ಎಂಥಾ ಒಂದನೇ ದರ್ಜೆ ಮಾಲು ಅಂದ್ಕಂಡೆ."

ಈಗ ಗಮನಿಸಿ: ಇದು ಗೊತ್ತಿದ್ದದ್ದು ಲೋಕದಲ್ಲಿ ಅವರೊಬ್ಬರಿಗೇ. ಬೆಂಗಳೂರಿನವರಿಗೆ ಬೇಲೂರಿನ ಪೆಟ್ಟಿಗೆ ಗೊತ್ತಿಲ್ಲ, ಬೇಲೂರಿಗೆ ಬೆಂಗಳೂರಿನ ಫೋಟೋ ಗೊತ್ತಿಲ್ಲ. ಸುಮ್ಮನಿದ್ದಿದ್ದರೆ ಹೆಸರು ಉಳಿಯುತ್ತಿತ್ತು, ಎಂಬತ್ತೆರಡು ದಾಟಿದ ಒಬ್ಬ ಮುದುಕಿಯ ಸಮಾಧಾನವೂ ಉಳಿಯುತ್ತಿತ್ತು. ಮೂರು ದಿನ ಅವರು ಮಂಡಿಗೆ ಬರಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ನನ್ನನ್ನೂ ಎಬ್ಬಿಸಿಕೊಂಡು ಜಾವಗಲ್ ಮೇಲೆ ಹೋಗುವ ಬೇಲೂರು ಬಸ್ಸು ಹತ್ತಿದರು. ಶಾಲೆಯ ಆಡಳಿತ ನೋಡುವ ಶಿವಪ್ರಕಾಶ್ ಎಲ್ಲ ಕೇಳಿಸಿಕೊಂಡು ಬಾಗಿಲು ಮುಂದೆ ಮಾಡಿದರು.

"ಯಾರಿಗ್ ಗೊತ್ತಾಗುತ್ತೆ ಬಿಡಿ ಸಾರ್. ಮಕ್ಕಳಿಗೆ ತೋರ್ಸೋಕ್ ತಾನೆ?"

"ಮಕ್ಕಳಿಗೆ ತೋರ್ಸೋದು ಅಂತಾನೇ ಹೇಳೋಕ್ ಬಂದಿರೋದು ರೀ."

ಅಲ್ಲಿಂದ ಸುಮಿತ್ರಮ್ಮನವರ ಮನೆ. ಕೂರಿ ಎಂದರೂ ಇಂದುಧರ ಕೂರಲಿಲ್ಲ. "ಅಮ್ಮಾ, ಮೇಷ್ಟ್ರು ತಂದ ನಾಣ್ಯ ಖೋಟಾ" ಎಂದು ನಿಂತೇ ಹೇಳಿದರು.

ಆಕೆ ಕಾಫಿಯ ಲೋಟ ಕೆಳಗಿಟ್ಟರು. "ಅವ್ರಿಗೆ ಗೊತ್ತಿತ್ತಾ?"

"ಇಲ್ಲ. ಅವ್ರು ನನ್ನ ಕೇಳಿದ್ರು. ನಾನು ಅಸಲಿ ಅಂದೆ."

"ಹದಿಮೂರು ವರ್ಷ ಆದ್ಮೇಲೆ ಹೇಳೋಕ್ ಬಂದ್ರೇನಪ್ಪ? ನಾನು ಸತ್ಮೇಲಾದ್ರೂ ಹೇಳ್ಬೋದಿತ್ತಲ್ಲ."

"ಹೇಳ್ಬೋದಿತ್ತಮ್ಮ. ನಾನೇ ಮುಂಚೆ ಹೋಗ್ಬಿಟ್ರೆ?"

ಆಕೆಗೆ ನಗುವೂ ಬಂತು, ಅಳುವೂ ಬಂತು; ನಗು ಬಂದದ್ದಕ್ಕೆ ಸಿಟ್ಟೂ ಬಂತು. ಆಗ ಇಂದುಧರ ಎಡ ಜೇಬಿನಿಂದ ಹತ್ತಿಯ ಉಂಡೆ ತೆಗೆದರು. ಅವರ ಹತ್ತೊಂಬತ್ತರಲ್ಲಿ ಇದ್ದ ಒಂದೇ ಒಂದು ದೊಡ್ಡ ಬೆಳ್ಳಿ, ಅದೇ ರಾಜನದು, ಅಂಚು ಸೀಳಿದ್ದು, ಅಸಲಿ. "ಇದನ್ನ ಪೆಟ್ಟಿಗೇಲಿ ಇಡೋಣಮ್ಮ. ಮೇಷ್ಟ್ರ ಹೆಸ್ರೇ ಇರ್ಲಿ."

ಸುಮಿತ್ರಮ್ಮ ಅದನ್ನು ಬೆರಳ ತುದಿಯಿಂದ ಆಚೆ ತಳ್ಳಿದರು. "ನಿಮ್ಮ ನಾಣ್ಯ ನಮ್ಮೆಜಮಾನ್ರ ಹೆಸ್ರಲ್ಲಿ ಯಾಕಿಡ್ತೀರಿ? ಅದೂ ಸುಳ್ಳೇ ಆಗಲ್ವ? ಅವ್ರು ತಂದಿದ್ದು ಯಾವ್ದೋ ಅದೇ ಇರ್ಲಿ. ಅವ್ರು ಕೇಳಿದ್ರು, ನೀವು ಹೇಳಿದ್ರಿ. ಅಷ್ಟನ್ನೂ ಬರೀರಿ."

ಬರೆದರು. ಇವತ್ತು ಬೇಲೂರಿನ ಆ ಶಾಲೆಗೆ ಹೋದರೆ ಗಾಜಿನೊಳಗೆ ಅದೇ ಖೋಟಾ ಬೆಳ್ಳಿ ಇದೆ; ಹಳೆಯ ಚೀಟಿ ಹಾಗೇ ಇದೆ, ಪಕ್ಕದಲ್ಲಿ ಅದೇ ಮುತ್ತಿನ ಅಕ್ಷರದ ಹೊಸದೊಂದು ಇದೆ: "ಇದು ನಕಲಿ. ಅಸಲಿ ನಾಣ್ಯದ ಪಡಿಯಚ್ಚಿನಲ್ಲಿ ಎರಕ ಹೊಯ್ದದ್ದು. ದಿವಂಗತ ಕುಮಾರಸ್ವಾಮಿ ಮೇಷ್ಟ್ರು ನನ್ನನ್ನು ಕೇಳಿದರು. ನಾನು ಅಸಲಿ ಎಂದು ಹೇಳಿದೆ. ತಪ್ಪು ನನ್ನದು. ಹೇಗೆ ತಪ್ಪಿದೆನೆಂದು ಕೆಳಗೆ ಬರೆದಿದ್ದೇನೆ, ಓದಿ." ಕೆಳಗೆ ಹನ್ನೊಂದು ಸಾಲು, ಗೀರು, ಗುಳಿ, ಅರ ಹಾಕಿದ ಅಂಚು, ಮಂಡಿಯ ಕಣ್ಣು, ಎಲ್ಲವೂ. ಈಗ ಮಕ್ಕಳು ಆ ಪೆಟ್ಟಿಗೆಯ ಮುಂದೆ ಮೊದಲಿಗಿಂತ ಹೆಚ್ಚು ಹೊತ್ತು ನಿಲ್ಲುತ್ತಾರೆ.

ಬೆಲೆ ತೆರದೆ ಇದು ಮುಗಿಯಲಿಲ್ಲ. ಸುದ್ದಿ ಹರಡಿತು. ದೂರದ ಸಂಗ್ರಾಹಕರು ಅವರಿಗೆ ನಾಣ್ಯ ಕಳಿಸುವುದನ್ನು ನಿಲ್ಲಿಸಿದರು. ನಾಲ್ಕು ತಿಂಗಳು ಫೋನು ಮೂಕವಾಗಿತ್ತು, ಈಗಲೂ ಮೊದಲಿನ ಕಾಲು ಭಾಗ ಬಂದರೆ ಹೆಚ್ಚು. ಎಂದೂ ತಪ್ಪೊಪ್ಪಿಕೊಳ್ಳದ ಪರಿಣತರ ಮನೆಗಳಲ್ಲಿ ಸಾಲು ಎಂದಿನಂತೆ ಇದೆ. ಇಂದುಧರ ಮಾತ್ರ ಹಳೆಯ ನೋಟ್‌ಬುಕ್ಕುಗಳನ್ನು ಕೆಳಗಿಳಿಸಿ, ತಾವು ಗುರುತಿಸಿದ ಒಂದೊಂದನ್ನೂ ಮತ್ತೆ ನೋಡುತ್ತ, ಒಡೆಯರಿಗೆ ಒಬ್ಬೊಬ್ಬರಿಗೇ ಫೋನು ಮಾಡುತ್ತಿದ್ದಾರೆ. ಇನ್ನೂ ಎರಡು ತಪ್ಪು ಸಿಕ್ಕಿವೆ. ಅದನ್ನು ನನಗೆ ಹೇಳಿದಾಗ ಅವರ ದನಿಯಲ್ಲಿ ಇದ್ದದ್ದು, ನನ್ನಾಣೆ, ಹುಡುಕಿ ಹಿಡಿದವನ ಉತ್ಸಾಹ.

ಇಂಥವರ ಕುಲವೊಂದಿದೆ. ಜ್ಞಾನ ಅವರಿಗೆ ಆಸ್ತಿಯಲ್ಲ, ಒಪ್ಪಿಸಬೇಕಾದ ಲೆಕ್ಕ. ತಾವು ಆಡಿದ ಮಾತು ತಮ್ಮ ಬೆನ್ನ ಹಿಂದೆ ಲೋಕದಲ್ಲಿ ಏನು ಮಾಡುತ್ತಿದೆ ಎಂದು ಅವರು ತಿರುಗಿ ನೋಡುತ್ತಾರೆ. ಉಳಿದ ನಾವು ನೋಡುವುದಿಲ್ಲ. ಅಧಿಕಾರಿ ತಪ್ಪು ಫಲಕವನ್ನು ರಾತ್ರೋರಾತ್ರಿ ಕೀಳಿಸಿ ಏನೂ ಆಗಿಲ್ಲವೆಂಬಂತೆ ಇನ್ನೊಂದು ನೆಡಿಸುತ್ತಾನೆ. ಪತ್ರಿಕೆ ಸುಳ್ಳನ್ನು ಮುಖಪುಟದಲ್ಲಿ ಅರಚಿ, ವಿಷಾದವನ್ನು ಒಳಪುಟದ ಮೂಲೆಯಲ್ಲಿ ಪಿಸುಗುಡುತ್ತದೆ. ನೀವು ಹಂಚಿದ ಸುಳ್ಳನ್ನು ಸದ್ದಿಲ್ಲದೆ ಅಳಿಸಿ, ನಾನಲ್ಲ ಎಂದು ಕೂರುತ್ತೀರಿ. ಸಾಕು. ನೀವು ನಿಜವೆಂದು ಹೇಳಿ ಈಗ ಸುಳ್ಳೆಂದು ಬಲ್ಲ ಒಂದು ಮಾತು ಎಲ್ಲೋ ಒಬ್ಬರ ಮನೆಯಲ್ಲಿ ಇನ್ನೂ ನಿಜವಾಗಿ ಕೂತಿದೆ. ಯಾರ ಮನೆ ಎಂದು ನಿಮಗೆ ಗೊತ್ತಿದೆ. ಈ ಪುಟ ಮಡಿಸಿಡಿ. ಎದ್ದು ಆ ಮನೆಗೆ ಹೋಗಿ, ನಿಂತೇ ಹೇಳಿ.