ಗುರುಸಿದ್ದಮ್ಮನ ಮಾತು

"ಕರೆಂಟು ಬಂತು, ಹಾಕಮ್ಮ ಬೇಗ!" ಎಂದು ಶಂಭುಲಿಂಗಯ್ಯ, ಕಂಪ್ಯೂಟರ್ ಓದಿದ್ದ ಮಗಳು ಜೀವಿತಾಳನ್ನು ತನ್ನಣ್ಣನ ಕಂಪ್ಯೂಟರಿನ ಮುಂದೆ ಕೂರಿಸಿದ. ಹೊರಗೆ ಚಪ್ಪರದಡಿ ಅಣ್ಣ ಮರುಳಸಿದ್ದಯ್ಯನ ದೇಹವನ್ನು ಕೂರಿಸಿ ವಿಭೂತಿ ಹಚ್ಚಿದ್ದರು. ಒಳಗೆ ಮಂಚದ ಮೇಲೆ ಅತ್ತಿಗೆ ಗುರುಸಿದ್ದಮ್ಮ. ಲಕ್ವ ಹೊಡೆದ ಮೇಲೆ ಆಕೆಗೆ ಉಳಿದದ್ದು ಎರಡು ಕಣ್ಣು, ಒಂದು ಹೆಬ್ಬೆರಳು. ಬೆಳಗ್ಗಿನಿಂದ ಅವು ಏನನ್ನೋ ಹೇಳಲು ಒದ್ದಾಡುತ್ತಿದ್ದವು.

ತಿಪಟೂರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದ ಮರುಳಸಿದ್ದಯ್ಯ ಆ ಹೆಬ್ಬೆರಳಿಗೆಂದೇ ಒಂದು ಸ್ವಿಚ್ಚು ಮಾಡಿದ್ದ. ಪರದೆಯ ಮೇಲೆ ಅಕ್ಷರಗಳು ಸಾಲಾಗಿ ಮಿನುಗುತ್ತವೆ. ಬೇಕಾದ್ದು ಬಂದಾಗ ಒತ್ತಿದರೆ ಕಂಪ್ಯೂಟರು ಮಾತಾಡುತ್ತದೆ. ಕರೆಂಟು ಹೋಗಿ ಬಂದಾಗಲೆಲ್ಲ ಅವನೇ ಕೂತು ಅದನ್ನು ಎಬ್ಬಿಸಬೇಕಿತ್ತು. ಪುಣ್ಯಾತ್ಮ, ಹೇಗೆಂದು ಒಬ್ಬರಿಗಾದರೂ ಹೇಳಿಕೊಟ್ಟಿದ್ದನೇ!

"ಕಂಪ್ಯೂಟರ್ ಒಳಗೆ ಕರ್ನಲ್ ಅಂತ ಐತೆ, ಮನೆ ಯಜಮಾನ ಇದ್ದಂಗೆ ಅಪ್ಪಾ," ಎಂದಳು ಜೀವಿತಾ. "ಸ್ವಿಚ್ಚು ನಡ್ಸೋ ತುಂಡು ಪ್ರೋಗ್ರಾಮು, ಮಾಡ್ಯೂಲು ಅಂತಾರೆ, ಅದೊಂದೇ ಬಂದ್ರೆ ಒಳಕ್ಕೆ ಬಿಟ್ಕಳಲ್ಲ. ಅದು ನೆಚ್ಕಂಡಿರೋದು ಮೊದ್ಲು ಬಂದು ಕೂತಿರ್ಬೇಕು. ಅದಕ್ಕೂ ಮೊದ್ಲು ಇನ್ಯಾವ್ದೋ."

"ಅವನ್ನೂ ಕರಿಯಮ್ಮ ಮತ್ತೆ."

"ಯಾವ್ಯಾವು ಅಂತ ದೊಡ್ಡಪ್ಪಂಗೆ ಗೊತ್ತಿತ್ತು."

ಗುರುಸಿದ್ದಮ್ಮನ ಕಣ್ಣು ಬಾಗಿಲಾಚೆ ಗಂಡನ ಎದೆಯ ಮೇಲೇ ನೆಟ್ಟಿತ್ತು. ನಾದಿನಿ ಶಿವರುದ್ರಮ್ಮ, "ಹಾರ ಹಾಕ್ಬೇಕು ಅಂತೈತೆ ಕಣಪ್ಪ ಜೀವ," ಎಂದು ಹಾರವನ್ನು ಅತ್ತಿಗೆಯ ಕೈಗೆ ಮುಟ್ಟಿಸಿ ಒಯ್ದು ಅಣ್ಣನಿಗೆ ಹಾಕಿದಳು. ಅಯ್ಯೋ, ಅದಲ್ಲ! ಕಣ್ಣು ಅಲ್ಲಿಂದ ಕದಲಲಿಲ್ಲ.

*

ಅವತ್ತು ಬೆಳಗ್ಗೆ ಮರುಳಸಿದ್ದಯ್ಯ ಎಂದಿನಂತೆ ಹೆಂಡತಿಯ ಕೊರಳಿನ ಲಿಂಗವನ್ನೂ ತನ್ನದನ್ನೂ ಬಿಚ್ಚಿಟ್ಟುಕೊಂಡು ಎರಡಕ್ಕೂ ಪೂಜೆಗೆ ಕೂತಿದ್ದ. ಆಕೆಯದು ಎಡಕ್ಕೆ, ತನ್ನದು ಬಲಕ್ಕೆ. ಬಿಲ್ವಪತ್ರೆ ಏರಿಸುತ್ತಲೇ ಮುಂದಕ್ಕೆ ವಾಲಿ ಬಿದ್ದವನು ಮತ್ತೆ ಏಳಲಿಲ್ಲ. ಕರೆಂಟು ಮೊದಲೇ ಹೋಗಿತ್ತು. ಓಡಿ ಬಂದ ಶಿವರುದ್ರಮ್ಮ, ಅಳುವಿನ ಭರದಲ್ಲಿ ಎಡದ ಲಿಂಗವನ್ನು ಅಣ್ಣನ ಕೊರಳಿಗೂ ಬಲದ್ದನ್ನು ಅತ್ತಿಗೆಯ ಕೊರಳಿಗೂ ಕಟ್ಟಿಬಿಟ್ಟಳು. ಗುರುಸಿದ್ದಮ್ಮ ಕಣ್ಣಾರೆ ಕಂಡಳು. ಹುಟ್ಟಿದಾಗ ಕಟ್ಟಿದ ಲಿಂಗ, ತಾನು ಸತ್ತಾಗ ತನ್ನ ಅಂಗೈಯಲ್ಲಿ ಇರಬೇಕಾದ್ದು, ಇನ್ನೊಬ್ಬರ ಸಮಾಧಿಗೆ ಹೊರಟಿತ್ತು.

*

"ಹೊತ್ತಾಯ್ತು, ಎತ್ರಪ್ಪಾ," ಎಂದರು ಐನೋರು.

"ಇನ್ನೊಂಚೂರು ತಡಿಯಪ್ಪಾ!" ಜೀವಿತಾ ಗೋಗರೆದಳು.

"ಹೊತ್ತು ಮುಳುಗಿದ್ರೆ ಆಗಲ್ಲ ಕಣಮ್ಮ. ಮಣ್ಣಾದ್ಮೇಲೆ ನಿಧಾನಕ್ಕೆ ಮಾತಾಡ್ಲಿ ಬುಡು," ಎಂದು ಶಂಭುಲಿಂಗಯ್ಯ ಹೊರಟ.

ತಮಟೆ ತೋಟದ ಕಡೆಗೆ ಸರಿಯಿತು. ಗುರುಸಿದ್ದಮ್ಮನ ಹೆಬ್ಬೆರಳು ಸತ್ತ ಸ್ವಿಚ್ಚನ್ನು ಟಕಟಕ ಒತ್ತುತ್ತಲೇ ಇತ್ತು. ಯಾವುದು ಯಾವುದನ್ನು ನೆಚ್ಚಿದೆಯೆಂದು ಕಂಪ್ಯೂಟರೇ ಹುಡುಕಿಕೊಳ್ಳುವ ಕಮಾಂಡೊಂದು ಜೀವಿತಾಳಿಗೆ ಕೊನೆಗೂ ನೆನಪಾಯಿತು. ಒಂದರ ಹಿಂದೊಂದು ಮಾಡ್ಯೂಲು ಎದ್ದು ಪರದೆಯಲ್ಲಿ ಅಕ್ಷರ ಮಿನುಗುವಷ್ಟರಲ್ಲಿ, ಮಣ್ಣಿಗೆ ಹೋದವರು ಕಾಲು ತೊಳೆದುಕೊಂಡು ಒಳಗೆ ಬರುತ್ತಿದ್ದರು.

"ದೊಡ್ಡಮ್ಮಾ, ಎದ್ದೈತೆ! ಈಗ ಹೇಳಿ."

ಅತ್ತು ಅತ್ತು ಸೋತ ಶಿವರುದ್ರಮ್ಮ ಬಾಗಿಲಲ್ಲಿ ನಿಂತಿದ್ದಳು. ಗುರುಸಿದ್ದಮ್ಮ ಅವಳನ್ನೇ ನೋಡಿದಳು. ಹೆಬ್ಬೆರಳು ಒಂದಕ್ಷರ ಒತ್ತಿತು, ಅಳಿಸಿತು. ಮತ್ತೆ ಒತ್ತಿತು.

"ಎಲ್ರೂ ಉಂಡ್ಕಳಿ," ಎಂದಿತು ಕಂಪ್ಯೂಟರು.

"ಇದನ್ನ ಹೇಳಕ್ಕಾ ಬೆಳಗ್ನಿಂದ ಅಷ್ಟೊಂದು ಒದ್ದಾಡಿದ್ದು, ನನ್ನವ್ವಾ!" ಶಿವರುದ್ರಮ್ಮ ಓಡಿ ಬಂದು ಅತ್ತಿಗೆಯ ಮೇಲೆ ಬಿದ್ದು ಗೊಳೋ ಎಂದಳು. ಅವಳ ಕೆನ್ನೆಗೂ ಗುರುಸಿದ್ದಮ್ಮನ ಎದೆಗೂ ನಡುವೆ ಮರುಳಸಿದ್ದಯ್ಯನ ಲಿಂಗ ಒತ್ತುತ್ತಿತ್ತು.