ಮ್ಯಾಗಜೀನಿನೊಳಗಿನ ಎಣ್ಣೆ

ಮೊಣಕಾಲು ಮಡಚುತ್ತಿರಲಿಲ್ಲ. ಮಕ್ಬುಲಸಾಬ ಬಿಸಿನೀರಿನಲ್ಲಿ ಅದ್ದಿದ ಟವೆಲು ಹಿಂಡಿ ಕೊಟ್ರಬಸಪ್ಪನ ಬಲಗಾಲಿಗೆ ಸುತ್ತಿದ, ಎರಡೂ ಅಂಗೈಯಿಂದ ಒತ್ತಿದ, ಮತ್ತೆ ಮೆಲ್ಲಗೆ ಬಾಗಿಸಿ ನೋಡಿದ. ನಸುಕಿನಲ್ಲಿ ಜೀವ ಹೋಗಿತ್ತು. ಡಾಕ್ಟರು ಬಂದು ನೋಡಿ ಹೇಳುವಷ್ಟರಲ್ಲಿ ಮೈ ಸೆಟೆದುಕೊಂಡಿತ್ತು. ಕಾಲು ಮಡಚಿ ಕೂಡಿಸದ ಹೊರತು ಹೆಣ ಹೊರುವ ವಿಮಾನದಲ್ಲಿ ಒಯ್ಯುವಂತಿರಲಿಲ್ಲ, ಕುಣಿಯಲ್ಲಿ ಇಳಿಸುವಂತಿರಲಿಲ್ಲ.

“ಒಂದೀಟು ಎಣ್ಣಿ ಹಚ್ಚಿ ತಿಕ್ಕೋ ಸಾಬ, ಸಡ್ಲ ಆಕ್ಕಾವು,” ಎಂದ ಬಾಗಿಲಿಗೆ ಒರಗಿದ್ದ ಉಮಾಪತಿ.

“ಎಣ್ಣಿ ಬ್ಯಾಡ.” ಗಂಡನ ತಲೆಯ ಬಳಿ ಕೂತಿದ್ದ ಶಂಕ್ರಮ್ಮ ಮುಖ ಎತ್ತದೆಯೇ ಹೇಳಿದಳು.

“ಎಣ್ಣಿ ಕೊಟ್ರಪ್ಪಗ ಎಣ್ಣಿನ ಬ್ಯಾಡಂದ್ರ ಹ್ಯಾಂಗವಾ?”

ಉಮಾಪತಿ ನಗಲಿಲ್ಲ. ಆದರೆ ಪಡಸಾಲೆಯಲ್ಲಿ ಇಬ್ಬರು ಮೂವರು ಟವೆಲಿನಿಂದ ಬಾಯಿ ಮುಚ್ಚಿಕೊಂಡರು. ಸತ್ತವನು, ಮಕ್ಬುಲಸಾಬ, ಉಮಾಪತಿ, ಈ ಮೂವರೂ ಕೊಪ್ಪಳದಲ್ಲಿ ಪೊಲೀಸು ಪಡೆಯಲ್ಲಿ ಒಟ್ಟಿಗೆ ಇದ್ದವರು. ಆ ಅಡ್ಡಹೆಸರನ್ನು ಕೊಪ್ಪಳದಿಂದ ತಮ್ಮೂರು ಬೇವೂರಿಗೆ ತಂದವನು ಉಮಾಪತಿಯೇ.

“ಇವತ್ತರ ಸುಮ್ನಿರೋ ಮಾರಾಯ,” ಎಂದ ಮಕ್ಬುಲಸಾಬ. “ಯಾರರ ಇನ್ನೊಂದು ಕೊಡ ನೀರು ಕಾಸಿ ತರ್ರಿ.”

ಅಂಗಳದಲ್ಲಿ ಹೆಂಗಸರ ನಡುವೆ ಕೂತಿದ್ದ ಮಹೇಶ್ವರಿಗೆ ಎಲ್ಲವೂ ಕೇಳಿಸಿತು. ಅವಳು ಕುಷ್ಟಗಿಯಿಂದ ಮೊದಲ ಬಸ್ಸಿಗೆ ಬಂದಿದ್ದಳು. ಹೆಡ್ ಕಾನ್‌ಸ್ಟೇಬಲ್ ಆಗಿದ್ದರೂ ಯೂನಿಫಾರ್ಮ್ ಹಾಕಿರಲಿಲ್ಲ. ಕೊಟ್ರಬಸಪ್ಪ ಮಣ್ಣಿಗೆ ಹೋಗುವ ಮುಂಚೆ ಅವನ ಹೆಂಡತಿಗೆ ಒಂದು ಮಾತು ಹೇಳಬೇಕಾಗಿತ್ತು. ಹದಿನಾಲ್ಕು ವರ್ಷ ಹೇಳದೆ ಉಳಿದದ್ದು. ಬಸ್ಸಿನಲ್ಲಿ ಅದನ್ನು ಮೂರು ವಾಕ್ಯಕ್ಕೆ ಇಳಿಸಿಕೊಂಡಿದ್ದಳು. ಈಗ ಆ ಮೂರರಲ್ಲಿ ಮೊದಲು ಯಾವುದು ಎಂಬುದೇ ಹೊಳೆಯುತ್ತಿರಲಿಲ್ಲ.

*

ಕೊಪ್ಪಳ ಜಿಲ್ಲೆಯಾದ ವರ್ಷ, ತೊಂಬತ್ತೇಳರಲ್ಲಿ, ಕೊಟ್ರಬಸಪ್ಪ ಅಲ್ಲಿಗೆ ಆರ್ಮರರ್ ಆಗಿ ಬಂದ. ಹಳೆಯ ಗೋದಾಮೊಂದರಲ್ಲಿ ಬಂದೂಕುಗಳನ್ನು ಇಟ್ಟಿದ್ದರು. ಗೋಡೆಯಿಂದ ಸುಣ್ಣ ಉದುರುತ್ತಿತ್ತು, ಹೊರಗೆ ಕಲ್ಲು ಒಡೆಯುವ ಧೂಳು. ಆ ಧೂಳಿನಲ್ಲಿ ಶಸ್ತ್ರಗಳನ್ನು ಕಾಪಾಡುವುದೇ ಅವನ ಕೆಲಸ.

ಮಹೇಶ್ವರಿ ಅವನ ಕೈಗೆ ಬಂದದ್ದು ಹತ್ತು ವರ್ಷದ ಮೇಲೆ. ಹನುಮನಹಳ್ಳಿಯ ಹುಡುಗಿ, ಹೊಸ ಕಾನ್‌ಸ್ಟೇಬಲ್, ಪಿಸ್ತೂಲು ಹಿಡಿದರೆ ಕೈ ಅಲುಗುತ್ತಿರಲಿಲ್ಲ. ಸ್ಪರ್ಧೆಯ ತಂಡಕ್ಕೆ ಆರಿಸಿದರು. ಉಳಿದವರು ಪಿಸ್ತೂಲಿನ ನಳಿಗೆಯನ್ನು ನೋಡಿ ಹೊಳಪು ಸಾಕೇ ಎಂದು ಕೇಳುತ್ತಿದ್ದರು. ಕೊಟ್ರಬಸಪ್ಪ ಮಾತ್ರ ಮ್ಯಾಗಜೀನು ಕೊಡು ಎನ್ನುತ್ತಿದ್ದ. ಹಿಡಿಕೆಯೊಳಗೆ ಸೇರುವ, ಗುಂಡು ತುಂಬುವ ಆ ತಗಡಿನ ಗೂಡನ್ನು ಮಡಿಲ ಮೇಲೆ ಇಟ್ಟುಕೊಂಡು ತಳದ ತಗಡನ್ನು ಜಾರಿಸುತ್ತಿದ್ದ. ಸ್ಪ್ರಿಂಗು ಚಿಮ್ಮದ ಹಾಗೆ ಹೆಬ್ಬೆರಳನ್ನು ಅಡ್ಡ ಹಿಡಿಯುತ್ತಿದ್ದ. ಒಳಗೆ ಬ್ರಷ್ಷು ಆಡಿಸಿ, ಹಳೇ ಧೋತರದ ಚಿಂದಿ ತೂರಿಸಿ ಒರೆಸಿ, ಬೆಳಕಿಗೆ ಹಿಡಿದು ನೋಡಿ, ಮತ್ತೆ ಒರೆಸುತ್ತಿದ್ದ.

“ಎಣ್ಣಿ ಹಾಕಂಗಿಲ್ಲೇನ್ರಿ ಸರ?”

“ಸ್ಪ್ರಿಂಗಿಗೆ ಒಂದ ಹನಿ. ಬೆರಳಿಗೆ ಹಚ್ಕೊಂಡು ಸವರಬೇಕು, ಆಮ್ಯಾಲೆ ಅದನ್ನೂ ಒರಸಬೇಕು. ಒರಸಿದ ಮ್ಯಾಲೆ ಎಷ್ಟು ಉಳೀತೈತೋ ಅಷ್ಟ ಸಾಕು.”

“ಒರಸೂದಕ್ಕ ಯಾಕ ಹಚ್ಚಬೇಕ್ರಿ?”

“ನೀ ಭಾಳ ಕೇಳ್ತಿ ನೋಡು,” ಎಂದು ನಗುತ್ತಿದ್ದ. “ಒಳಗ ಹಸಿ ಇತ್ತಂದ್ರ ಧೂಳು ಬಂದು ಕುಂತಕೋತೈತಿ, ಮಗಳ. ಗುಂಡು ಎತ್ತೋ ತಗಡು ಮ್ಯಾಲೆ ಬರಂಗಿಲ್ಲ.”

ಕೊನೆಗೆ ಪತ್ರಿಕೆಯ ಅಂಚನ್ನು ಉದ್ದಕ್ಕೆ ಹರಿದು ಒಳಗೆ ಇಳಿಸಿ ಎಳೆಯುತ್ತಿದ್ದ. ಕಾಗದದ ಮೇಲೆ ಎಣ್ಣೆಯ ಚುಕ್ಕೆ ಕಂಡರೆ ಮೊದಲಿನಿಂದ ಶುರು. ಮಕ್ಕಳಿಲ್ಲದ ಆ ಗಂಡಸು ಹಾಗೆ ಕೂತು ಒರೆಸುವುದನ್ನು ನೋಡಿ ಇತರರು ತಮಾಷೆ ಮಾಡುತ್ತಿದ್ದರು. ಅವನಿಗೆ ಅದು ಕೇಳಿಸಿದಂತೆ ಕಾಣುತ್ತಿರಲಿಲ್ಲ.

ಎರಡು ಸಾವಿರದ ಒಂಬತ್ತರಲ್ಲಿ ರಾಜ್ಯಮಟ್ಟದ ಸ್ಪರ್ಧೆ. ಹೊರಡುವ ಹಿಂದಿನ ದಿನ ಮಹೇಶ್ವರಿಯ ತಾಯಿ ದುರುಗವ್ವ ಅಂಜನಾದ್ರಿಯ ಮೆಟ್ಟಿಲು ಹತ್ತಿ, ಹನುಮಪ್ಪನ ದೀಪದ ಎಣ್ಣೆಯನ್ನು ಸಿಂಧೂರ ಬೆರೆಸಿ ಸಣ್ಣ ಬಾಟಲಿಯಲ್ಲಿ ತಂದುಕೊಟ್ಟಳು. “ಗುಂಡು ಹೊಡಿಯೂ ಮುಂಚೆ ಅದಕ್ಕ ಒಂದ ಬಟ್ಟು ಹಚ್ಚು,” ಎಂದಳು. ಆಯುಧಪೂಜೆಗೆ ಬಂದೂಕಿಗೆ ಕುಂಕುಮ ಇಡುವುದನ್ನು ನೋಡಿದ್ದ ಹುಡುಗಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಹೊರಗೆ ಹಚ್ಚಿದರೆ ತೀರ್ಪುಗಾರರ ಕಣ್ಣಿಗೆ ಬೀಳುತ್ತದೆ ಎಂದು ಒಳಗೆ ಹಚ್ಚಿದಳು. ಕೊಟ್ರಬಸಪ್ಪ ಒರೆಸಿ ಬಟ್ಟೆಯಲ್ಲಿ ಸುತ್ತಿ ಕೊಟ್ಟಿದ್ದ ನಾಲ್ಕು ಮ್ಯಾಗಜೀನಿನೊಳಗೂ, ಬೆರಳು ಹೋಗುವಷ್ಟು ಆಳಕ್ಕೆ.

ಎರಡು ಸುತ್ತು ಸರಿಹೋಯಿತು. ಮೈದಾನದಲ್ಲಿ ಗಾಳಿ ಎದ್ದಿತ್ತು, ಮೇಜಿನ ಮೇಲೆಲ್ಲ ಕೆಂಪು ಧೂಳು. ಮೂರನೆಯ ಸುತ್ತಿನಲ್ಲಿ, ಹತ್ತು ಸೆಕೆಂಡಿಗೆ ಐದು ಗುಂಡು ಹಾರಿಸಬೇಕಾದಲ್ಲಿ, ಎರಡನೆಯದು ವಾರೆಯಾಗಿ ಸಿಕ್ಕಿಕೊಂಡಿತು. ಆಯುಧದ ದೋಷವಾದರೆ ಮತ್ತೊಂದು ಅವಕಾಶವಿತ್ತು. ಸ್ವಚ್ಛ ಮಾಡುವುದರಲ್ಲಿ ತಪ್ಪಿದ್ದರೆ ಇರಲಿಲ್ಲ. ತಂಡದ ಸಾಹೇಬರು ಬರುವ ಮೊದಲೇ ಕೊಟ್ರಬಸಪ್ಪ ಮ್ಯಾಗಜೀನು ಬಿಚ್ಚಿದ. ಚಿಂದಿ ತೂರಿಸಿ ಎಳೆದ. ಅದರ ತುದಿ ಸಿಂಧೂರದ ಬಣ್ಣವಾಗಿತ್ತು.

ಅವನು ಅವಳನ್ನು ಒಂದು ಸಲ ನೋಡಿದ. ಚಿಂದಿಯ ಕೆಂಪನ್ನು ಒಳಗೆ ಮಡಚಿ ಜೇಬಿಗೆ ಹಾಕಿದ. ಉಳಿದ ಮೂರನ್ನೂ ಬಿಚ್ಚಿ ಒರೆಸಿದ.

“ನನ್ನ ಕೈ ತಪ್ಪೈತ್ರಿ ಸಾಹೇಬ್ರ,” ಎಂದ. “ಎಣ್ಣಿ ಹೆಚ್ಚು ಹಾಕೇನಿ.”

ಅವಳಿಗೆ ಪ್ರೊಬೇಷನ್ ಮುಗಿಯಲು ಇನ್ನೂ ಐದು ತಿಂಗಳಿತ್ತು. ಸರ್ಕಾರಿ ಆಯುಧಕ್ಕೆ ಕೈ ಹಾಕಿದ್ದು ಗೊತ್ತಾದರೆ ಮನೆಗೆ ಕಳಿಸುತ್ತಿದ್ದರು. ಅವಳು ಬಾಯಿ ಬಿಡಲಿಲ್ಲ. ಪ್ರೊಬೇಷನ್ ಮುಗಿದ ಮೇಲೆ ಹೇಳೋಣ ಎಂದುಕೊಂಡಳು. ಆಮೇಲೆ ಮರುವರ್ಷದ ಪದಕ ಬರಲಿ ಎಂದುಕೊಂಡಳು. ಕೊಟ್ರಬಸಪ್ಪನನ್ನು ಶಸ್ತ್ರಗಳ ಕೋಣೆಯಿಂದ ತೆಗೆದು ಖಜಾನೆಯ ಕಾವಲಿಗೆ ಹಾಕಿದರು. ನಾಲ್ಕು ವರ್ಷ ಬಾಗಿಲ ಮುಂದೆ ನಿಂತು ನಿವೃತ್ತನಾದ.

*

ಹತ್ತು ಗಂಟೆಗೆ ಹೆಣ ಕೂತಿತು. ಹಣೆಗೆ ವಿಭೂತಿ ಬಳಿದು, ರುಮಾಲು ಸುತ್ತಿ, ಗೋಡೆಗೆ ಆನಿಸಿ ಕೂಡಿಸಿದ್ದರು. ಭಜನೆಯವರು ತಾಳ ಹಿಡಿದರು. ಮಹೇಶ್ವರಿ ಪಡಸಾಲೆ ಏರಿ ಶಂಕ್ರಮ್ಮನ ಪಕ್ಕ ಕೂತಳು.

“ಅಮ್ಮಾರ, ನಾನು ಮಹೇಶ್ವರಿರಿ. ಕುಷ್ಟಗಿ ಠಾಣಿ. ಮೊದಲ ಕೊಪ್ಪಳದಾಗ...”

ಶಂಕ್ರಮ್ಮ ಅವಳ ಮುಂಗೈ ಗಟ್ಟಿಯಾಗಿ ಹಿಡಿದಳು. “ಹನುಮನಹಳ್ಳಿಯಾಕಿ? ಪಿಸ್ತೂಲಿನಾಕಿ?”

“ಹೌದ್ರಿ.”

“ದೇವರ ಕಳಿಸ್ಯಾನ ನಿನ್ನ.” ಮುದುಕಿಯ ಕಣ್ಣು ತುಂಬಿತು. “ಒಂದು ವರ್ಷಾತವಾ, ತಲಿ ಸರಿ ಇರಲಿಲ್ಲ ಇವರದು. ನನ್ನ ಹೆಸರು ಮರತಿದ್ರು. ಚಮಚಾ, ವಾಟಗ, ಏನ ಸಿಕ್ಕರೂ ಹಿಡ್ಕೊಂಡು ಒರಸೂದು. ಒರಸಿ ಒರಸಿ, ‘ಎಣ್ಣಿ ಹೆಚ್ಚು ಹಾಕಿಬಿಟ್ನಿ, ಹುಡುಗಿ ನನ್ನಿಂದ ಸೋತಳು’ ಅಂತ ಅಳೂದು. ಒಂದಿನ ಅಲ್ಲ, ದಿನಾ.”

ಮಹೇಶ್ವರಿ ಅವಳತ್ತ ತಿರುಗಿದಳು. “ಸರ ಹಂಗಂದ್ರೇನ್ರಿ?”

“ಮೊದಲ ಒಂದಿನಾನೂ ಆ ಸುದ್ದಿ ಎತ್ತಿದವರಲ್ಲ. ಉಮಾಪತಿ ಚಾಷ್ಟಿ ಮಾಡಿದರೂ ಸುಮ್ನಿರತಿದ್ರು. ಈ ಒಂದು ವರ್ಷ ಮಾತ್ರ... ‘ಆಕಿನ್ನ ಕರಸು, ಮಾಫಿ ಕೇಳ್ತೀನಿ’ ಅಂದ್ರು. ನಾ ಎಲ್ಲೆಂತ ಹುಡುಕಲಿ?” ಅವಳು ಮಹೇಶ್ವರಿಯನ್ನು ಎಬ್ಬಿಸಿ ಹೆಣದ ಮುಂದೆ ನಿಲ್ಲಿಸಿದಳು. “ತಾಳ ನಿಂದರ್ಸ್ರಿ ಒಂದೀಟು. ಹೇಳವಾ. ಮಾಫ್ ಮಾಡೇನಿ ಅಂತ ಒಂದ ಮಾತು ಹೇಳು. ಹಗುರಾಗಿ ಹೋಗಲಿ.”

ಭಜನೆ ನಿಂತಿತು. ಎಲ್ಲರೂ ಅವಳತ್ತ ತಿರುಗಿದರು. ಮಕ್ಬುಲಸಾಬ ಟವೆಲು ಹಿಡಿದು ನಿಂತಿದ್ದ. ಉಮಾಪತಿ ಬಾಗಿಲಲ್ಲಿ ಕತ್ತು ಉದ್ದ ಮಾಡಿದ್ದ. ಶಂಕ್ರಮ್ಮನ ಕೈ ಅವಳ ಬೆನ್ನಿನ ಮೇಲಿತ್ತು, ನೂಕುತ್ತಿರಲಿಲ್ಲ, ಕಾಯುತ್ತಿತ್ತು.

“ಸರ,” ಎಂದಳು ಮಹೇಶ್ವರಿ. ಮುಂದಿನ ಮೂರು ವಾಕ್ಯಗಳು ಬರಲಿಲ್ಲ. “ಮಾಫ್ ಮಾಡೇನ್ರಿ.”

ಶಂಕ್ರಮ್ಮನ ಮುಖದ ಬಿಗಿ ಸಡಿಲಿತು. ಬೆಳಗಿನಿಂದ ಅಳದಿದ್ದವಳು ಗೋಡೆಗೆ ಕುಸಿದು ಅತ್ತಳು. “ದೊಡ್ಡ ಮನಸು ನಿಂದು, ಯವ್ವಾ,” ಎಂದು ಯಾವಳೋ ಹೆಂಗಸು ಹೇಳಿದಳು. ತಾಳ ಮತ್ತೆ ಶುರುವಾಯಿತು.

ಮಹೇಶ್ವರಿ ಹಿತ್ತಲಿಗೆ ಹೋಗಿ ಬಚ್ಚಲ ಕಲ್ಲಿನ ಮೇಲೆ ಕೂತಳು. ಹಾಗೇ ಬಸ್ಸು ಹತ್ತಿ ಹೋಗಿಬಿಡಬಹುದಿತ್ತು. ಮುದುಕಿಗೆ ನೆಮ್ಮದಿಯಾಗಿದೆ, ಅದನ್ನೇಕೆ ಕೆಡಿಸಬೇಕು ಎಂದು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡ ಕೂಡಲೇ ಗುರುತು ಹತ್ತಿತು. ಹದಿನಾಲ್ಕು ವರ್ಷವೂ ಇಂಥದೇ ಏನಾದರೊಂದು ನೆಪ ಅವಳಿಗೆ ಸಿಕ್ಕಿತ್ತು.

*

ಕುಣಿಯನ್ನು ಕೊಟ್ರಬಸಪ್ಪನ ಅಣ್ಣನ ಎರೆ ಹೊಲದ ಬದುವಿನಲ್ಲಿ ತೆಗೆದಿದ್ದರು. ಹೆಣವನ್ನು ಒಳಗಿನ ಗೂಡಿನಲ್ಲಿ ಕೂಡಿಸಿದ್ದಾಗಿತ್ತು. ಅಯ್ಯನವರು ವಿಭೂತಿ ಗಟ್ಟಿಗಳನ್ನು ಇಳಿಸಿ, ಪತ್ರಿ ಹಾಕಿ, ಮಂತ್ರ ಮುಗಿಸಿದರು.

“ಮಣ್ಣು ಕೊಡ್ರಿನ್ನ,” ಎಂದರು.

“ಒಂದೀಟು ತಡೀರಿ ಅಪ್ಪಾರ.” ಮಹೇಶ್ವರಿ ಗಂಡಸರ ಸಾಲು ದಾಟಿ ಮುಂದೆ ಬಂದಳು. ದನಿ ಎಲ್ಲರಿಗೂ ಕೇಳಿಸುವಷ್ಟಿತ್ತು. “ನಾ ಮನ್ಯಾಗ ಸುಳ್ಳು ಹೇಳೇನ್ರಿ. ಇವರು ಎಣ್ಣಿ ಹಾಕಿದ್ದಿಲ್ಲ. ನಾ ಹಚ್ಚಿದ್ದೆ. ಹನುಮಪ್ಪನ ದೀಪದ ಎಣ್ಣಿ. ನನ್ನ ನೌಕರಿ ಹೋಗ್ತೈತಂತ ಇವರು ತಮ್ಮ ಮ್ಯಾಲೆ ಹಾಕ್ಕೊಂಡ್ರು.”

ಹಲಗೆ ಬಾರಿಸುವವನು ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡ.

“ಈಗ್ಯಾಕ ಬೇಕಾಗಿತ್ತವಾ ಇದೆಲ್ಲಾ?” ಎಂದ ಉಮಾಪತಿ. ಅವನ ದನಿ ಎಂದಿನಂತಿರಲಿಲ್ಲ. “ಇದ್ದಾಗ ಹೇಳಿದ್ರ ನಾವರ...”

“ನೀ ಬಾಯಿ ಮುಚ್ಚು,” ಎಂದ ಮಕ್ಬುಲಸಾಬ. “ಅಂವಾ ಮ್ಯಾಗಜೀನು ಒರಸೂದು ನಾ ನೋಡೇನಿ. ಹೆಚ್ಚು ಹಾಕೋ ಮನಶಾ ಅಲ್ಲಂತ ಅವತ್ತ ಹೇಳಿದ್ದೆ. ಕೇಳಿದಿಯೇನು?” ಅವನು ಮಹೇಶ್ವರಿಯ ಕಡೆಗೆ ಮಾತ್ರ ನೋಡಲಿಲ್ಲ.

ಶಂಕ್ರಮ್ಮ ಹೆಂಗಸರನ್ನು ಸರಿಸಿಕೊಂಡು ಬಂದಳು.

“ಇವರಿಗೆ ಗೊತ್ತಿತ್ತೇನು?”

“ಗೊತ್ತಿತ್ರಿ ಅಮ್ಮಾರ. ಒರಸಿದವರ ಅವರು.”

“ಮತ್ತ ಕಡೀಕ ಯಾಕ ಹಂಗ ಅತ್ತರು?”

ಮಹೇಶ್ವರಿ ಕುಣಿಯತ್ತ ನೋಡಿದಳು. ಒಬ್ಬನೇ ಹೊತ್ತುಕೊಂಡು ತಿರುಗಿದ ಸುಳ್ಳು ತಲೆ ಮಸುಕಾದಾಗ ಅವನಿಗೆ ನಿಜವೆಂದೇ ಕಂಡಿರಬೇಕು. ಅದನ್ನು ಆ ಹೆಂಗಸಿಗೆ ಹೇಗೆ ಹೇಳುವುದು?

“ಒಂದು ವರ್ಷ,” ಎಂದಳು ಶಂಕ್ರಮ್ಮ. “ಇರಲಿ ಬಿಡ್ರಿ, ತಪ್ಪು ಎಲ್ಲಾರೂ ಮಾಡ್ತಾರ ಅಂತ ನಾ ದಿನಾ ಸಮಾಧಾನ ಮಾಡೇನಿ. ನೀವು ಮಾಡಿಲ್ಲ ಅಂತ ಒಂದಿನಾ ಅನ್ನಲಿಲ್ಲ.”

ಬೈಯಲಿಲ್ಲ. ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಗಂಡನ ಮೇಲೆ ಹಾಕಿದಳು. ಆಮೇಲೆ ಮಹೇಶ್ವರಿಯ ಎದುರಿನಿಂದ ಅರ್ಧ ಹೆಜ್ಜೆ ಸರಿದು ನಿಂತಳು. ಅದು ಅವಳಿಗೆ ಜಾಗ ಬಿಟ್ಟದ್ದೋ, ಅವಳಿಂದ ದೂರವಾದದ್ದೋ, ನಿಂತವರಿಗೆ ತಿಳಿಯಲಿಲ್ಲ. ಅಯ್ಯನವರು ಕಣ್ಸನ್ನೆ ಮಾಡಿದರು.

ಮಹೇಶ್ವರಿ ಕುಕ್ಕರಗಾಲಿನಲ್ಲಿ ಕೂತು ಮಣ್ಣು ಎತ್ತಿಕೊಂಡಳು. ಆಳದಿಂದ ತೆಗೆದ ಎರೆ ಮಣ್ಣು, ಇನ್ನೂ ತಂಪಾಗಿ, ಜಿಗುಟಾಗಿತ್ತು. ಕುಣಿಯ ಮೇಲೆ ಕೈ ಚಾಚಿ ಮುಷ್ಟಿ ಬಿಚ್ಚಿದಳು. ಬೆವೆತ ಅಂಗೈಗೆ, ಹಸಿಯಿದ್ದಲ್ಲಿ ಧೂಳು ಕೂತ ಹಾಗೆ, ಮಣ್ಣು ಮೆತ್ತಿಕೊಂಡಿತ್ತು. ಬೆರಳು ಅಗಲಿಸಿದಳು, ಕೈ ಮಗುಚಿದಳು, ಕೊಡವಿದಳು. ಹಿಂದೆ ಸಾಲಿನಲ್ಲಿದ್ದವರು ಮಣ್ಣು ಹಿಡಿದು ಕಾಯುತ್ತಿದ್ದರು. ಅವಳ ಅಂಗೈಯಿಂದ ಏನೂ ಬೀಳಲಿಲ್ಲ.