ಹತ್ತಿ ಗೋದಾಮಿನ ರ‍್ಯಾಂಪು

ದಾಕ್ಷಾಯಣಿ ಬೆಳಿಗ್ಗೆ ಬಂದವಳೇ ಚಪ್ಪಲಿ ಬಿಟ್ಟು ನನ್ನ ಮೇಲೆ ಹತ್ತುತ್ತಿದ್ದಳು. ಒಣ ಬಟ್ಟೆಯಿಂದ ತುದಿಯಿಂದ ಬುಡದವರೆಗೆ ಒರೆಸುತ್ತ ಇಳಿಯುತ್ತಿದ್ದಳು. ಯಾವ ಸ್ಕ್ರೂ ಆದರೂ ತಲೆಯೆತ್ತಿದೆಯೇ ಎಂದು ಅಂಗೈಯಿಂದ ಸವರಿ ನೋಡಿ, ಎತ್ತಿದ್ದರೆ ತಿರುಗಿಸಿ ಕೂರಿಸುತ್ತಿದ್ದಳು. ಅಷ್ಟು ಹೊತ್ತೂ ಮೇಲೆ ತಗಡಿನ ಮೇಲೆ ಪಾರಿವಾಳಗಳ ಉಗುರಿನ ಸದ್ದು ಮಾತ್ರ.

ನಾನು ಒಂದು ರ‍್ಯಾಂಪು. ಸೈಕಲ್ ಸವಾರರು ರಭಸದಿಂದ ಬಂದು ಹತ್ತಿ, ತುದಿಯಿಂದ ಗಾಳಿಗೆ ಹಾರಲಿ ಎಂದು ಮಾಡಿದ ಹಲಗೆಯ ಇಳಿಜಾರು. ನನ್ನ ಎತ್ತರ ಏಳು ಅಡಿ. ನನ್ನನ್ನು ಮಾಡಿದವನು ಮೌನೇಶ ಬಡಿಗೇರ. ಅದುವರೆಗೆ ಅವನು ಮಾಡಿದ್ದು ಬಾಗಿಲು, ಮಂಚ, ತೊಟ್ಟಿಲು. ಮೊಬೈಲಿನಲ್ಲಿ ಚಿತ್ರ ನೋಡಿ ನೋಡಿ ನನ್ನ ಪ್ಲೈವುಡ್ಡನ್ನು ಬಗ್ಗಿಸಿದ. ಮುಗಿದ ದಿನ ದೂರ ನಿಂತು ನೋಡಿದ.

"ಬಾಗಲಾ ಮಾಡಿದ್ರ ಮಂದಿ ಒಳಗ ಬರತಾರ. ಮಂಚ ಮಾಡಿದ್ರ ಮಲಗತಾರ. ಇದನ್ನ ಹತ್ತಿ ಎಲ್ಲಿಗ್ ಹೋಗತಾರ್ರೀ?"

"ಮ್ಯಾಲಕ್ಕ" ಎಂದ ಪಂಚಾಕ್ಷರಿ.

ಪಂಚಾಕ್ಷರಿ ನನ್ನ ಮೊದಲ ಒಡೆಯ. ಪುಣೆಯ ಒಂದು ಸೈಕಲ್ ಅಂಗಡಿಯಲ್ಲಿ ಆರು ವರ್ಷ ಕೆಲಸ ಮಾಡಿದ್ದ. ಅಲ್ಲಿ ಸೂರಿನಡಿಯ ಸೈಕಲ್ ಪಾರ್ಕೊಂದನ್ನು ಕಂಡು, ಅಂಥದ್ದು ನಮ್ಮ ಗದಗಿನಲ್ಲೂ ಇರಲಿ ಎಂದುಕೊಂಡು ಮರಳಿದ್ದ. ಊರಂಚಿನಲ್ಲಿ ಬಹಳ ಕಾಲ ಬೀಗ ಬಿದ್ದಿದ್ದ ಹತ್ತಿ ಗೋದಾಮನ್ನು ಎರಡು ವರ್ಷದ ಕರಾರಿಗೆ ಹಿಡಿದ. ಟಿಕೆಟ್ ಹರಿಯಲು, ಸೈಕಲ್ ಕೊಡಲು ದಾಕ್ಷಾಯಣಿಯನ್ನು ಕೆಲಸಕ್ಕೆ ಇಟ್ಟುಕೊಂಡ. ಅಷ್ಟರೊಳಗೆ ಪಾರ್ಕು ತನ್ನ ಬಾಡಿಗೆಯನ್ನು ತಾನೇ ದುಡಿದುಕೊಳ್ಳಬೇಕು. ಇಲ್ಲದಿದ್ದರೆ ಗೋದಾಮು ಬಿಡಬೇಕು. ಇದು ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದವರಿಗೆ ಅವನೇ ಹೇಳುತ್ತಿದ್ದ.

ನನಗೆ ತಿಳಿಯುವ ಲೆಕ್ಕ ಚಕ್ರಗಳದು. ಮೊದಲ ತಿಂಗಳು ಗೋದಾಮು ತುಂಬಿತು, ಆದರೆ ತುಂಬಿದ್ದು ಕಾಲುಗಳಿಂದ. ನೂರು ಜನ ನಿಂತು ಫೋನ್ ಹಿಡಿದರೆ ಹತ್ತು ಜನ ನನ್ನ ಬುಡಕ್ಕೆ ಬರುತ್ತಿದ್ದರು, ಒಬ್ಬ ಹಾರುತ್ತಿದ್ದ. ಹಾಗೆ ಹಾರಿದ ಕಾಲೇಜು ಹುಡುಗನೊಬ್ಬನ ಮೊಣಕೈ ತರಚಿತು. ಮರುದಿನ ಅವನ ತಂದೆ ಬಂದು, ನನ್ನನ್ನು ಮೇಲಿನಿಂದ ಕೆಳಗೆ ನೋಡಿ ಹೋದರು. ಆಮೇಲೆ ಹುಡುಗರು ಕಡಿಮೆಯಾದರು. ಬೇಸಿಗೆಯಲ್ಲಿ ತಗಡು ಕಾದು ಶನಿವಾರ ಭಾನುವಾರಗಳೂ ತೆಳುವಾದವು. ಬೆಳಗಾವಿಯಿಂದ ದೊಡ್ಡ ತಂಡ ಬರುತ್ತದೆ ಎಂದು ಪಂಚಾಕ್ಷರಿ ಕಾದ. ತಂಡ ಬಂತು. ನಾಲ್ಕು ಸಲ ಹಾರಿ, ನನ್ನನ್ನು ಹೊಗಳಿ, ಹೊರಟುಹೋಯಿತು.

ಎರಡನೆಯ ವರ್ಷ, ಶಿವರಾತ್ರಿ ಕಳೆದ ಮೇಲೆ, ಒಂದು ಮಧ್ಯಾಹ್ನ ನಲವತ್ತಾರು ವರ್ಷದ ಹೆಂಗಸೊಬ್ಬಳು ಬಾಗಿಲಲ್ಲಿ ತಲೆ ಹಾಕಿದಳು.

"ಒಳಗಿನವ್ರು ಹೊರಗ ಕಾಣಸ್ತಾರೇನವಾ?"

"ಇಲ್ರೀ" ಎಂದಳು ದಾಕ್ಷಾಯಣಿ.

"ಕಿಟಕಿ?"

"ಅಷ್ಟ ಎತ್ತರಕ್ಕದಾವ್ರಿ. ಪಾರಿವಾಳಕ್ಕಷ್ಟ ಕಾಣಸತೈತಿ."

"ಹಂಗಾರ ಒಂದ್ ಸೈಕಲ್ ಕೊಡು. ಸಣ್ಣದು."

ಅವಳು ಮಹಾನಂದಾ, ಅಂಗನವಾಡಿಯ ಸಹಾಯಕಿ. ಬೇಸಿಗೆ ರಜೆ ಮುಗಿದ ಮೇಲೆ ಅವಳ ಕೆಲಸ ನಾಲ್ಕು ಕಿಲೋಮೀಟರ್ ದೂರದ ಇನ್ನೊಂದು ಕೇಂದ್ರಕ್ಕೆ ವರ್ಗವಾಗಲಿತ್ತು. ಆ ಹೊತ್ತಿಗೆ ಅತ್ತ ಬಸ್ಸಿಲ್ಲ. ಓಣಿಯಲ್ಲಿ ಸೈಕಲ್ ಕಲಿಯಹೋದರೆ ಓಣಿಗೆ ಓಣಿಯೇ ನೋಡಲು ಕಟ್ಟೆಗೆ ಬಂದು ಕೂರುತ್ತದೆ. ವಾರ ಕಳೆಯುವುದರೊಳಗೆ ಅವಳ ಜೊತೆ ಏಳು ಜನ ಬಂದರು. ತಿಂಗಳು ತುಂಬುವುದರೊಳಗೆ ಹದಿನೈದು ಜನರಾದರು. ಇವರಲ್ಲಿ ಯಾರೂ ನನ್ನನ್ನು ಹತ್ತಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ನನ್ನ ಸುತ್ತ ಸುತ್ತಿದರು. ಡಿಕ್ಕಿ ಹೊಡೆದು, "ತಪ್ಪಾತಪಾ" ಎಂದು ನನಗೇ ಹೇಳಿದರು. ಬಿದ್ದವಳನ್ನು ಕಂಡು ನಕ್ಕವಳು ಮರುಗಳಿಗೆ ತಾನೂ ಬಿದ್ದಳು.

ಪಂಚಾಕ್ಷರಿ ಇವರ ಕಡೆಯಿಂದ ಟಿಕೆಟ್ಟಿನ ಹಣ ತೆಗೆದುಕೊಳ್ಳಲಿಲ್ಲ. ಅವರು ನೋಟು ಮುಂದೆ ಮಾಡುವುದು, ಇವನು ಹಿಂದೆ ತಳ್ಳುವುದು ದಿನವೂ ನಡೆಯಿತು.

"ಇರಲಿ ಇಡ್ರಿ ಅಕ್ಕಾರ."

ಅವರೂ ಸುಮ್ಮನೆ ಬರುವವರಲ್ಲ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಹಬ್ಬವಿದ್ದರೆ ಸಿಹಿ ಮಾದಲಿ ತಂದು ಮೇಜಿನ ಮೇಲಿಟ್ಟರು. ಪಾರ್ಕು ಸೊರಗುತ್ತಿತ್ತು, ಪಂಚಾಕ್ಷರಿಯ ಅಂಗಿಯ ಗುಂಡಿ ಬಿಗಿಯಾಗುತ್ತಿತ್ತು.

ಕರಾರು ಮುಗಿಯಲು ಎರಡು ತಿಂಗಳಿರುವಾಗ ದಾಕ್ಷಾಯಣಿ ಹೆಲ್ಮೆಟ್ ಒರೆಸುತ್ತ, ತಲೆಯೆತ್ತದೆ ಹೇಳಿದಳು:

"ಅಣ್ಣಾ, ಹಾರಾವ್ರು ವಾರಕ್ಕ ಆರ ಮಂದಿ. ಇವ್ರು ದಿನಾ ಹದಿನೈದು. ಇವ್ರ ಟಿಕೆಟ್ ತೊಗೊಂಡ್ರ ಬಾಡಿಗಿ ಹುಟ್ಟತೈತಿ. ಈ ರ‍್ಯಾಂಪ್ ತಗದ್ರ ಇನ್ನಾ ಹತ್ತು ಮಂದೀಗೆ ಜಾಗಾ ಆಗತೈತಿ."

ನನ್ನ ಮುಂದೆಯೇ ಹೇಳಿದಳು. ನನಗೆ ಸಿಟ್ಟು ಬರಲಿಲ್ಲ. ಚಕ್ರಗಳನ್ನು ನಾನೂ ಎಣಿಸಿದ್ದೆ.

"ಬಾಯಿ ತುಂಬ ಅಕ್ಕಾ ಅಂತ ಕರದು, ಕೈಯಾಗ ಟಿಕೆಟ್ ಹರಕೊಡ್ಲೇನು?" ಎಂದ ಪಂಚಾಕ್ಷರಿ.

"ಅವ್ರ ಕೊಡ್ತೀನಂತಾರಲ್ರೀ."

"ಕೊಡ್ತಾರ. ನಾ ಹೆಂಗ್ ತೊಗೊಳ್ಳಲಿ?"

"ಅಕ್ಕಾ ಅನಬ್ಯಾಡ್ರಿ ಹಂಗಾರ. ಮೇಡಂ ಅನ್ರಿ."

ಮರುದಿನ ಅವನು ಪ್ರಯತ್ನಪಟ್ಟ. "ಬರ್ರಿ ಮೇಡಂ" ಎಂದ. ಮಹಾನಂದಾ ಹಿಂದೆ ಯಾರು ಬಂದರೆಂದು ತಿರುಗಿ ನೋಡಿದಳು. ಯಾರೂ ಇರಲಿಲ್ಲ. ಅವಳ ಮುಖ ಸಣ್ಣದಾಯಿತು.

"ಯಾಕೋ ತಮ್ಮಾ, ನಾ ಏನ್ ತಪ್ಪ್ ಮಾಡೀನಿ?"

"ಏನಿಲ್ಲಕ್ಕಾ, ಏನಿಲ್ಲ. ಸೈಕಲ್ ತೊಗೊ" ಎಂದ. ಆ ವ್ಯಾಪಾರ ಅಲ್ಲಿಗೇ ಮುಗಿಯಿತು.

ಮೇ ತಿಂಗಳ ನಡುವೆ ಗೋದಾಮಿನ ಯಜಮಾನರ ಕಡೆಯವರು ಬಂದು ಟೇಪು ಹಿಡಿದು ಅಳೆದರು. ಸೈಕಲ್ಲುಗಳು ಹುಬ್ಬಳ್ಳಿಯ ಅಂಗಡಿಗೆ ಹೋದವು. ಪಂಚಾಕ್ಷರಿ ಫಲಕ ಇಳಿಸಿ, ಗೋಡೆಗೆ ಮುಖ ಮಾಡಿ ನಿಲ್ಲಿಸಿದ. ಹಾರುವವರೇ ಬರಲಿಲ್ಲ, ಈ ಊರಿಗೆ ಇದು ನಡೆಯುವಂಥದ್ದಲ್ಲ ಎಂದು ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದ. ದಾಕ್ಷಾಯಣಿ ಕೇಳಿಸಿಕೊಳ್ಳುತ್ತ ಹೆಲ್ಮೆಟ್ಟುಗಳನ್ನು ಚೀಲಕ್ಕೆ ತುಂಬಿದಳು. ಈಗ ಅವಳು ಬಟ್ಟೆಯಂಗಡಿಯೊಂದರಲ್ಲಿ ಸೀರೆ ಮಡಚುತ್ತಾಳಂತೆ.

ನನ್ನನ್ನು ಬಿಚ್ಚಿ ಸಾಗಿಸುವುದು ಯಾರಿಗೂ ಬೇಡವಾಗಿತ್ತು. ಹೊಸದಾಗಿ ಬಂದ ಟೈಲ್ಸ್ ವ್ಯಾಪಾರಿ ನನ್ನನ್ನು ಗೋಡೆಯ ಮೂಲೆಗೆ ತಳ್ಳಿಸಿದ. ಎತ್ತರದ ಸಾಲಿನಿಂದ ಪೆಟ್ಟಿಗೆ ಇಳಿಸಬೇಕಾದಾಗ ಹಮಾಲರು ನನ್ನ ಮೇಲೆ ಜಾರಿಸುತ್ತಾರೆ. ನನ್ನ ಮೇಲ್ಪದರ ಎರಡು ಕಡೆ ಎದ್ದಿದೆ. ನನ್ನಿಂದ ಆಗುವ ಕೆಲಸ ಇದೇ, ಇದು ನಡೆಯುತ್ತದೆ. ಆದರೆ ಈ ಊರಿಗೆ ಪಾರ್ಕು ಬೇಡವಾಗಿತ್ತು ಎಂಬ ಮಾತನ್ನು ಮಾತ್ರ ನಾನು ಒಪ್ಪಲಾರೆ. ಬೇಕಾದವರು ದಿನವೂ ಮಧ್ಯಾಹ್ನ ಎರಡು ಗಂಟೆಗೆ ಬರುತ್ತಿದ್ದರು. ಅವರನ್ನು ಗಿರಾಕಿ ಎನ್ನಲು ಪಂಚಾಕ್ಷರಿಗೆ ಬಾಯಿ ಬರಲಿಲ್ಲ.

ನಿನ್ನೆ ಹಮಾಲರು ಶಟರ್ ಎಳೆದು ಬೀಗ ಹಾಕಿ ಊಟಕ್ಕೆ ಹೋಗಿದ್ದರು. ಒಳಗೆ ನಾನು, ಪೆಟ್ಟಿಗೆಗಳು. ಹೊರಗೆ ಯಾರೋ ಬಳೆಯ ಕೈಯಿಂದ ಶಟರ್ ಬಡಿದರು. ನಿಂತರು. ಮತ್ತೆ ಬಡಿದರು.

"ತಮ್ಮಾ, ನಾನೋ, ಮಹಾನಂದಾ. ಮಗಳ ಬಾಣಂತನಕ್ಕ ಹೋಗಿದ್ದೆ, ತಿಂಗಳಾತು. ಸೈಕಲ್ ಹತ್ತೂದು ಬಂತು, ಹೊಡಿಯೂದು ಬಂತು, ಇಳಿಯೂದೊಂದು ಉಳದೈತಿ. ಸೋಮವಾರದಿಂದ ಆ ಕೇಂದ್ರಕ್ಕ ಹೋಗಬೇಕು ನಾ. ಒಂದ್ ತಾಸು ಬಾಗಲಾ ತಗೀ."